ಕುಬುಸದ ದಿನದ ಜಂಪರ್

ಕೊಟ್ಟೂರು
೧೧ ನವೆಂಬರ್ ೨೦೨೫, ಮಂಗಳವಾರ

ಚಿರಂಜೀವಿ ಕೀರ್ತನಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲು ಬರೆಯಬೇಕು. ಪೆನ್ನು ಹಿಡಿದು ಕೂತೆ, ಬರೆಯಲು ಆಗಲಿಲ್ಲ. ನಿಮ್ಮಪ್ಪ ಕ್ಷೇಮ. ಅಂಗಡಿಯಲ್ಲಿ ಅಂಜಿನಕ್ಕ ಕ್ಷೇಮ, ಅವಳ ಬಾಯಿ ಅವಳಿಗಿಂತ ಕ್ಷೇಮ. ನನ್ನದನ್ನು ಪೂರ್ತಿ ಓದಿ ನೀನೇ ಹೇಳು.

ದಿನಾ ಎರಡು ಸಲ ಫೋನ್ ಮಾಡುವ ಅವ್ವ ಧಾರವಾಡಕ್ಕೆ ಕಾಗದ ಹಾಕಿದಳೆಂದು ನಿನಗೆ ನಗು ಬಂದಿರಬೇಕು. ರೂಮಿನ ಹುಡುಗಿಯರಿಗೆ ತೋರಿಸಬೇಡ, ಒಬ್ಬಳೇ ಕೂತು ಓದು. ಫೋನಿನಲ್ಲೇ ಹೇಳೋಣವೆಂದು ನಾಲ್ಕು ಸಲ ನೋಡಿದೆ. ನಮ್ಮ ಮನೆ ನಿನಗೆ ಗೊತ್ತಲ್ಲ. ಮುಂದೆ ನನ್ನ ಹೊಲಿಗೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಜಂಪರ್ ಅಳತೆ ಕೊಡಲು ಯಾರಾದರೊಬ್ಬರು ಕೂತೇ ಇರುತ್ತಾರೆ, ಅವರ ಕಿವಿ ನಮ್ಮ ಕಡೆಗೇ ಇರುತ್ತದೆ. ನಾನು ಹೇಳಬೇಕಾದ ಮಾತಿನಲ್ಲಿ ಎದೆ ಎಂಬ ಶಬ್ದ ಹತ್ತು ಸಲ ಬರುತ್ತದೆ. ಇಪ್ಪತ್ತೆರಡು ವರ್ಷ ಊರಿನ ಹೆಂಗಸರ ಎದೆಯ ಅಳತೆ ತೆಗೆದವಳಿಗೆ ತನ್ನದರ ಮಾತು ಬಾಯಿಗೆ ಬರುವುದಿಲ್ಲ ನೋಡು.

ತಡವಾಯಿತೆಂದು ಬೈಯಬೇಡ. ಬೆಳಿಗ್ಗೆ ಬೆರಳು ಬಗ್ಗುವುದಿಲ್ಲ. ಹನ್ನೊಂದರ ಮೇಲೆ ಸ್ವಲ್ಪ ಸಡಿಲವಾಗುತ್ತವೆ, ಊಟದ ಹೊತ್ತಿಗೆ ಮತ್ತೆ ಬಿಗಿಯುತ್ತವೆ. ನಡುವಿನ ಒಂದೂವರೆ ತಾಸಿನಲ್ಲಿ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ.

ದೀಪಾವಳಿಗೆ ಬರಬೇಡ, ಪರೀಕ್ಷೆ ಹತ್ತಿರ ಬಂತು ಎಂದು ನಾನು ಹೇಳಿದ್ದು ಸುಳ್ಳು. "ಬ್ಯಾಡಂದ್ರ ಬ್ಯಾಡ ಬಿಡವ್ವ" ಎಂದು ನೀನು ಫೋನ್ ಇಟ್ಟೆ. ಆ ಧ್ವನಿ ಇನ್ನೂ ಕಿವಿಯಲ್ಲಿದೆ. ಬೆರಳಿನ ಚಿಕಿತ್ಸೆಗೆಂದು ದಾವಣಗೆರೆಗೆ ಹೋಗಿದ್ದೆವು ಎಂದದ್ದೂ ಸುಳ್ಳು. ಅಕ್ಟೋಬರ್ ಹದಿನೈದಕ್ಕೆ ನನ್ನ ಎದೆಯ ಆಪರೇಷನ್ ಆಯಿತು. ಗಾಬರಿಯಾಗಬೇಡ, ಕ್ಯಾನ್ಸರ್ ಅಲ್ಲ. ಯಾವ ರೋಗಕ್ಕೂ ಮಾಡಿದ್ದಲ್ಲ. ಚೆಂದಕ್ಕೆ ಮಾಡಿಸಿಕೊಂಡದ್ದು.

ಈಗ ಅದರ ಹೊಲಿಗೆ ಬಿಟ್ಟಿದೆ. ಬರುವ ಸೋಮವಾರ ಡಾಕ್ಟರು ನೋಡಿ, ಒಳಗೆ ಇಟ್ಟದ್ದು ಇರಬೇಕೋ ತೆಗೆಯಬೇಕೋ ಎಂದು ಹೇಳುತ್ತಾರೆ. ಅಲ್ಲಿಯವರೆಗೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ನನ್ನ ಬಲಗಡೆ ಎಲ್ಲರಂತೆ ಬೆಳೆಯಿತು, ಎಡಗಡೆ ಬೆಳೆಯಲೇ ಇಲ್ಲ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಯಾರು ಕೇಳುತ್ತಿದ್ದರು? ನನ್ನದು ಹಾಗಲ್ಲ, ಒಂದು ಪಕ್ಕ ಹೆಂಗಸು, ಇನ್ನೊಂದು ಪಕ್ಕ ಸಣ್ಣ ಹುಡುಗಿ. ನನ್ನ ತವರು ಇಟ್ಟಿಗಿಯಲ್ಲಿ ಇದನ್ನು ಯಾರ ಮುಂದೆ ಹೇಳಲಿ? ನಿಮ್ಮ ಅಜ್ಜಿಗೂ ಹೇಳಲಿಲ್ಲ. ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಹಡಗಲಿಗೆ ಹೋಗಿ ಹೊಲಿಗೆ ಕಲಿತೆ ಎಂದು ನಿನಗೆ ಎಷ್ಟು ಸಲ ದೊಡ್ಡದಾಗಿ ಹೇಳಿದ್ದೇನೆ. ಅದು ಒಣ ಜಂಬ. ಬೇರೆಯವರ ಟೇಪು ನನ್ನ ಮೈಮೇಲೆ ಬೀಳಬಾರದೆಂದು ಕಲಿತೆ. ಎಡಗಡೆಯ ಲೈನಿಂಗ್ ಒಳಗೆ ಹತ್ತಿ ಇಟ್ಟು, ಒಗೆದರೆ ಗಂಟಾಗದಂತೆ ಕೌದಿಗೆ ಹಾಕುವ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದೆ. ಹೊರಗಿನಿಂದ ಎಂಥ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಈ ಊರಿನಲ್ಲಿ ನನ್ನ ಕೈಯ ಜಂಪರ್‌ಗೆ ಹೆಸರು ಬಂದದ್ದು ಹಾಗೆ. ನನ್ನ ಮೈಯನ್ನು ಸರಿ ಕಾಣಿಸಲು ಕಲಿತವಳಿಗೆ ಬೇರೆಯವರದು ಏನು ಮಹಾ!

ಮದುವೆಯಾದ ವಾರದಲ್ಲಿ ನಿಮ್ಮಪ್ಪನಿಗೆ ಹೇಳಿದೆ. ಹೇಳದೆ ವಿಧಿಯಿರಲಿಲ್ಲ. ಅವರು ತಲೆ ಕೆರೆದುಕೊಂಡು, "ನನ್ನ ಎಡಗಾಲು ಬಲಗಾಲಿಗಿಂತ ಅರ್ಧ ನಂಬರ್ ದೊಡ್ಡದೈತಿ. ಚಪ್ಪಲಿ ಅಂಗಡಿಯವ ಇಲ್ಲೀತನಕ ಏನಂದಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೆ ನನ್ನ ಎದೆಯನ್ನು ಅವರ ಪಾದಕ್ಕೆ ಹೋಲಿಸಿದ್ದಕ್ಕೆ ಒಂದು ತಿಂಗಳು ಮುಖ ಗಂಟು ಹಾಕಿಕೊಂಡಿದ್ದೆ.

ಬೆರಳು ಹಟ ಹಿಡಿಯುತ್ತಿವೆ. ನಾಳೆ ನೋಡೋಣ.

೧೩ ನವೆಂಬರ್, ಗುರುವಾರ

ನಿನ್ನೆ ಪೆನ್ನು ಹಿಡಿಯಲೇ ಆಗಲಿಲ್ಲ. ಬೆಳಿಗ್ಗೆ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಕುಡಿದೆ.

ಈ ಬೆರಳಿನ ರೋಗ ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಬಂತಲ್ಲ, ಅದನ್ನು ನಾವು ಸಂಧಿವಾತ ಎಂದು ಒಂದೇ ಶಬ್ದದಲ್ಲಿ ಮುಗಿಸಿಬಿಟ್ಟೆವು. ದಾವಣಗೆರೆಯ ಕೀಲಿನ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. "ರೋಗದ ಜೊತೆ ಹೊಡೆದಾಡೋಕೆ ಅಂತ ನಮ್ಮ ಮೈಯಲ್ಲೇ ಒಂದು ಶಕ್ತಿ ಇರುತ್ತಮ್ಮ. ನಿಮ್ಮಲ್ಲಿ ಅದು ದಾರಿ ತಪ್ಪಿ ನಿಮ್ಮ ಕೀಲನ್ನೇ ಹೊಡೀತಾ ಐತೆ. ಪೂರ್ತಿ ವಾಸಿ ಮಾಡಕ್ಕಾಗಲ್ಲ, ಹತೋಟಿಯಲ್ಲಿ ಇಟ್ಕೋಬೇಕು." ಆ ಶಕ್ತಿಯನ್ನು ಸುಮ್ಮನಿರಿಸಲು ಭಾನುವಾರಕ್ಕೊಂದು ಮಾತ್ರೆ, ದಿನಾ ಒಂದು ಸಣ್ಣ ಸ್ಟಿರಾಯ್ಡ್ ಮಾತ್ರೆ. ಅವನ್ನು ನುಂಗಿದರೆ ಕೀಲು ತಣ್ಣಗಿರುತ್ತವೆ, ಆದರೆ ಬೇರೆ ಯಾವ ಗಾಯವಾದರೂ ಬೇಗ ಮಾಯುವುದಿಲ್ಲ, ಸೋಂಕು ಬೇಗ ಹತ್ತುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೋ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಹೋದ ವರ್ಷ ಶ್ರಾವಣಕ್ಕೆ ನನ್ನ ಜಂಪರ್ ನಾನೇ ಹೊಲಿಯಲು ಕೂತೆ. ಹತ್ತಿ ಹಿಡಿದು ಸೂಜಿ ದಾಟಿಸಲು ಬೆರಳು ಒಪ್ಪಲಿಲ್ಲ. ಮೂರು ದಿನ ಬಿಚ್ಚಿದೆ, ಹೊಲಿದೆ, ಬಿಚ್ಚಿದೆ. ಹುಕ್ಕು ಕಾಜಾ ಹಾಕಿಕೊಡುತ್ತಾ ಪಕ್ಕದಲ್ಲೇ ಕೂತಿದ್ದ ಅಂಜಿನಕ್ಕ ತಡೆಯಲಾರದೆ, "ಲೇ ಗಂಗಿ, ಊರಾಗಿನ ಜಂಪರ್ ಎಲ್ಲಾ ನಾನೂ ನೀನೂ ಹೊಲಿತೀವಿ, ನಿಂದೊಂದು ಹೊಲ್ಯಾಕ ನನ್ನ ಕೈಗೇನು ಹುಳ ಬಿದ್ದಾವೇನು? ನಿಂದ್ರ, ಅಳತಿ ತಗೊಂತೀನಿ" ಎಂದು ಟೇಪು ಹಿಡಿದು ಎದ್ದೇಬಿಟ್ಟಳು. ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಓಡಿದೆ. ಒಲೆಯೇ ಹಚ್ಚಿರಲಿಲ್ಲ. ಅಲ್ಲೇ ನಿಂತು ನನ್ನ ಬೆರಳು ನೋಡಿಕೊಂಡೆ ಕೀರ್ತಿ. ಮೂವತ್ತು ವರ್ಷ ಕಾಪಾಡಿದ್ದನ್ನು ಈ ಹತ್ತು ಬೆರಳು ಕೈಬಿಟ್ಟವಲ್ಲ ಎಂದು ಅವುಗಳ ಮೇಲೆ ಸಿಟ್ಟು ಬಂತು.

ಅದೇ ತಿಂಗಳು ಡಾಕ್ಟರಮ್ಮನ ಹತ್ತಿರ ಹೋದಾಗ ಅವರು ಉಸಿರು ಪರೀಕ್ಷೆ ಮಾಡಲು ಎದೆಗೆ ಯಂತ್ರ ಇಟ್ಟರು. ಹತ್ತಿ ಕೈಗೆ ತಾಗಿತು. ಅವರು ಗಾಬರಿ ಬೀಳಲಿಲ್ಲ, ನಗಲೂ ಇಲ್ಲ. "ಹುಟ್ಟಿದಾಗಿನಿಂದ್ಲಾ?" ಎಂದರು. ತಲೆಯಾಡಿಸಿದೆ. "ಇದಕ್ಕೂ ದಾರಿ ಐತಮ್ಮ. ಆದರೆ ನಿಮಗೆ ಸುಲಭ ಅಲ್ಲ" ಎಂದರು. ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು.

ಎಡಗಡೆ ಕೆಳಗೆ ಕೊಯ್ದು ಒಳಗೆ ಸಿಲಿಕಾನ್ ಚೀಲ ಇಡುವುದು. ಈ ವರ್ಷ ಫೆಬ್ರವರಿಯಲ್ಲಿ ಹೋಗಿ ಕಂಡಾಗ ಆಪರೇಷನ್ ಮಾಡುವ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. "ನೋಡಮ್ಮ, ಚೀಲ ಇಟ್ಟು ಹೊಲಿದು ಕೈ ತೊಳ್ಕೊಳ್ಳೋದು ನನ್ನ ಕೆಲಸ. ಮಾಯೋದು ನಿಮ್ಮ ಮೈ ಕೆಲಸ. ನಿಮ್ಮ ಮೈಗೆ ಆ ಕೆಲಸಾನೇ ನೆಟ್ಟಗೆ ಬರಲ್ಲ. ಮಾಡಿಸ್ಕೊಳ್ಳದಿದ್ರೆ ನಿಮ್ಗೇನೂ ಆಗಲ್ಲ." ಕಡಿಮೆಯೆಂದರೂ ಆರು ತಿಂಗಳು ಕೀಲಿನ ರೋಗ ತಲೆಯೆತ್ತದೆ ಮಲಗಿರಬೇಕು, ರಕ್ತದ ವರದಿ ಸರಿಯಿರಬೇಕು, ಆಮೇಲೆ ಇಬ್ಬರೂ ಡಾಕ್ಟರು ಮಾತಾಡಿ ಹೇಳುತ್ತೇವೆ ಎಂದರು. ಎಂಟು ತಿಂಗಳು ಕಾದೆ. ಒಂದು ಮಾತ್ರೆ ತಪ್ಪಿಸಲಿಲ್ಲ. ನಿಮ್ಮಪ್ಪ ಒಂದೇ ಸಲ ಕೇಳಿದರು, "ಈ ವಯಸ್ಸಿನಾಗ ಯಾರಿಗೆ ತೋರ್ಸಾಕ?" ನಾನಂದೆ, "ನಂಗ."

ನಿನಗೂ ಹಾಗೇ ಅನಿಸಿರಬಹುದು, ನಲವತ್ಮೂರಕ್ಕೆ ಇದೇನು ಶೋಕಿ ಎಂದು. ಅನಿಸಿದರೆ ಅನಿಸಲಿ. ನನಗೆ ಬೇಕಿತ್ತು. ಒಂದು ದಿನವಾದರೂ ಕನ್ನಡಿಯ ಮುಂದೆ ಹಾಗೇ ನಿಲ್ಲಬೇಕಿತ್ತು.

ಆಪರೇಷನ್ ದಿನ ನರ್ಸಮ್ಮ ಶಿವದಾರ ಬಿಚ್ಚಿ ಕೊಡಿ ಎಂದಳು. ಲಿಂಗದೀಕ್ಷೆಯಾದಾಗಿನಿಂದ ಅದನ್ನು ಕೊರಳಿನಿಂದ ತೆಗೆದವಳಲ್ಲ. ನಿಮ್ಮಪ್ಪ ಲಿಂಗದ ಕರಡಿಗೆಯನ್ನು ಶರಟಿನ ಕಿಸೆಯಲ್ಲಿಟ್ಟುಕೊಂಡು, ನಾನು ಹೊರಗೆ ಬರುವವರೆಗೆ ಅದರ ಮೇಲಿನ ಕೈ ತೆಗೆಯಲಿಲ್ಲವಂತೆ. ಚಹಾ ಕುಡಿಯಲೂ ಹೋಗಲಿಲ್ಲವಂತೆ.

ಎಂಟನೆಯ ದಿನ ಪಟ್ಟಿ ಬದಲಿಸುವಾಗ ಕನ್ನಡಿ ಕೇಳಿದೆ. ಊದಿತ್ತು, ಕಂದಿತ್ತು. ಆದರೂ ಎರಡಿದ್ದವು. ನಾನು ಅತ್ತದ್ದು ನೋಡಿ ನರ್ಸಮ್ಮ ನೋವಾಯಿತೇ ಎಂದು ಕೇಳಿದಳು. ಹೂಂ ಎಂದೆ.

೧೫ ನವೆಂಬರ್, ಶನಿವಾರ

ಇನ್ನು ನನ್ನ ಮೂರ್ಖತನದ ಕಥೆ. ಓದಿ ಬೈದುಕೋ, ನನಗೆ ಕೇಳಿಸುವುದಿಲ್ಲ.

ಅಕ್ಟೋಬರ್ ಮೂವತ್ತಕ್ಕೆ ಅಂಜಿನಕ್ಕನ ಮಗಳು ಶೃತಿಯ ಕುಬುಸ ಇತ್ತು. ಏಳು ತಿಂಗಳ ಬಸುರಿ, ಮುಖ ಹೂವಾಗಿದೆ. ಹಸಿರು ಸೀರೆ ಹಸಿರು ಬಳೆಯ ಜೊತೆ ತವರಿನ ಹಸಿರು ಜಂಪರ್ ತೊಡಿಸಬೇಕಲ್ಲ, ಅದನ್ನು ನಾನು ಆಪರೇಷನ್ನಿಗೆ ಮೊದಲೇ ಹೊಲಿದಿಟ್ಟಿದ್ದೆ. ರೋಗ ಮಲಗಿದ್ದ ತಿಂಗಳುಗಳಲ್ಲಿ ಬೆರಳು ಸ್ವಲ್ಪ ಮಾತು ಕೇಳುತ್ತಿದ್ದವು. ಆದರೆ ಅದರ ಜೊತೆಗೆ ಇನ್ನೊಂದು ಜಂಪರ್ ಹೊಲಿದಿದ್ದೆ, ಯಾರಿಗೂ ಹೇಳದೆ. ನನಗೆ. ಗುಳೇದಗುಡ್ಡದ ಖಣ, ಕೆಂಪು ಅಂಚು. ಬಲಗಡೆಯ ಅಳತೆಯನ್ನೇ ಎರಡೂ ಕಡೆ ಹಾಕಿ ಕತ್ತರಿಸಿದೆ. ನನಗಾಗಿ ಹೊಲಿದ ಜಂಪರ್‌ಗಳಲ್ಲಿ ಎರಡೂ ಪಕ್ಕ ಒಂದೇ ಆಗಿದ್ದದ್ದು ಅದೊಂದೇ. ಕತ್ತರಿ ಆಡಿಸುವಾಗ ಕೈ ಎಷ್ಟು ಹಗುರಾಗಿತ್ತು ಗೊತ್ತೇ? ನೋವೇ ಇರಲಿಲ್ಲ.

ಆರು ವಾರ ಆಸ್ಪತ್ರೆಯವರು ಕೊಟ್ಟ ಮೆತ್ತನೆಯ ಬಾಡಿಯನ್ನು ಬಿಟ್ಟು ಬೇರೇನೂ ಬಿಗಿಯಾಗಿ ಹಾಕಬಾರದು, ತೋಳು ಮೇಲೆ ಎತ್ತಬಾರದು ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಆಗ ಬರೀ ಹದಿನೈದು ದಿನವಾಗಿತ್ತು. ಎರಡು ತಾಸು ತಾನೇ ಎಂದುಕೊಂಡೆ. ನಮ್ಮ ಕಡೆಯ ಜಂಪರ್ ಹೇಗಿರುತ್ತದೆ ಎಂದು ನಿನಗೆ ಹೇಳಬೇಕೇ? ಒಂದು ಸುಕ್ಕು ಕಂಡರೆ ಹೊಲಿದವಳಿಗೆ ಅವಮಾನ. ಕೆಳಗಿನ ಪಟ್ಟಿ ಸರಿಯಾಗಿ ಎದೆಯ ಕೆಳಗೆ ಕಚ್ಚಿ ಕೂರಬೇಕು. ಡಾಕ್ಟರು ಕೊಯ್ದು ಹೊಲಿದದ್ದೂ ಅದೇ ಜಾಗದಲ್ಲಿ. ಹುಕ್ಕು ಹಾಕಿಕೊಳ್ಳುವಾಗಲೇ ನನಗೆ ತಿಳಿಯಬೇಕಿತ್ತು. ಇಪ್ಪತ್ತೆರಡು ವರ್ಷದ ಕಸುಬು, ಪಟ್ಟಿ ಎಲ್ಲಿ ಕೂರುತ್ತದೆ ಎಂದು ಕಣ್ಣು ಮುಚ್ಚಿ ಹೇಳುವವಳು ನಾನು.

ಹೋದೆ. ಹೆಂಗಸರೆಲ್ಲ ಸಾಲಾಗಿ ಕೂತಿದ್ದರು. ಬಡಿಗೇರ ಓಣಿಯ ರೇಣುಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಗಂಗಕ್ಕ, ಇವತ್ತು ಏನೋ ಬ್ಯಾರೇನ ಕಾಣಾಕತ್ತೀಯಲ್ಲ, ಮದುಮಗಳಾಗೀ ನೋಡು" ಎಂದಳು. ಅವಳಿಗೆ ಏನು ಬೇರೆ ಎಂದು ಗೊತ್ತಿಲ್ಲ. ನನಗೆ ಗೊತ್ತಿತ್ತು. ಸೆರಗನ್ನು ಎಡಗಡೆ ಮುಚ್ಚಿಕೊಳ್ಳದೆ ಹಾಗೇ ಬಿಟ್ಟು ಕೂತೆ. ಅಷ್ಟರಲ್ಲಿ ಅಂಜಿನಕ್ಕ, "ಹೊಲಿದ ಕೈಲೇ ತೊಡಸು ಬಾ, ನನ್ನ ಮಗಳಿಗೆ ಛಲೋ ಆಕ್ಕತಿ" ಎಂದು ಎಬ್ಬಿಸಿದಳು. ಒಳಗೆ ಕರೆದೊಯ್ದು ಶೃತಿಗೆ ಜಂಪರ್ ತೊಡಿಸಿದೆ, ಬಂದು ಆರತಿ ತಟ್ಟೆ ಎತ್ತಿದೆ. ಎರಡನೆಯ ಸುತ್ತಿಗೆ ಎಡಗಡೆ ಪಟ್ಟಿಯ ಕೆಳಗೆ ಏನೋ ಬೆಚ್ಚಗೆ ಹರಿದ ಹಾಗಾಯಿತು. ಹಾಡು ಮುಗಿಯುವವರೆಗೆ ತಟ್ಟೆ ಇಳಿಸಲಿಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದರೆ ಹೊಲಿಗೆ ಒಂದು ಉಗುರಿನಷ್ಟು ಬಾಯಿ ಬಿಟ್ಟಿತ್ತು. ಖಣದ ಮೇಲೆ ನೀರು ರಕ್ತದ ಕಲೆ. ಬೇರೆಯವರಿಗಾದರೆ ವಾರದಲ್ಲಿ ಕೂಡಿಕೊಳ್ಳುತ್ತಿತ್ತಂತೆ. ನನ್ನ ಚರ್ಮ ಸ್ಟಿರಾಯ್ಡ್ ತಿಂದು ತಿಂದು ಹಳೆಯ ಮಲ್ಲು ಪಂಚೆಯ ಹಾಗಾಗಿದೆ, ಎಳೆದರೆ ಹರಿಯುತ್ತದೆ, ಹರಿದದ್ದು ಕೂಡುವುದಿಲ್ಲ.

ಮರುದಿನವೇ ದಾವಣಗೆರೆಗೆ ಹೋದೆವು. ಡಾಕ್ಟರು ನೋಡಿ ಹುಬ್ಬು ಗಂಟಿಕ್ಕಿದರು. "ಬಿಗಿಯಾಗಿ ಏನಾದ್ರೂ ಹಾಕ್ಕೊಂಡಿದ್ರಾ? ಕೈ ಎತ್ತಿದ್ರಾ?" ಎಂದರು.

"ಇಲ್ರಿ ಸಾರ್" ಎಂದೆ.

ನಿಮ್ಮಪ್ಪ ತಲೆ ಎತ್ತಿ ಫ್ಯಾನು ನೋಡತೊಡಗಿದರು. ಬಸ್ಸು ಹರಪನಹಳ್ಳಿ ದಾಟಿದ ಮೇಲೆ, "ಡಾಕ್ಟರ್ ಮುಂದ ಸುಳ್ಳು ಹೇಳಿದ್ರ ಔಷಧ ಯಾರಿಗೆ ಕೊಡ್ತಾರ?" ಎಂದರು. ಬಸ್ಸು ಕುಲುಕಿದಾಗಲೆಲ್ಲ ನಾನು ಎದೆಗೆ ದಿಂಬು ಒತ್ತಿ ಹಿಡಿದಿದ್ದೆ, ಅದರಲ್ಲೇ ಮುಖ ಮುಚ್ಚಿಕೊಂಡೆ.

ಅಂದಿನಿಂದ ಭಾನುವಾರದ ಮಾತ್ರೆ ನಿಲ್ಲಿಸಿದ್ದಾರೆ, ಗಾಯ ಕೂಡಲಿ ಎಂದು. ಅದನ್ನು ನಿಲ್ಲಿಸಿದ ಕೂಡಲೇ ಮಲಗಿದ್ದ ರೋಗ ಎದ್ದು ಕೂತಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಈಗ ಮೊಣಕಾಲು. ಮಾತ್ರೆ ನುಂಗಿದರೆ ಎದೆ ಕೂಡುವುದಿಲ್ಲ, ಬಿಟ್ಟರೆ ಕೈ ಹೋಗುತ್ತದೆ. ದಿನದ ಸ್ಟಿರಾಯ್ಡನ್ನು ಮಾತ್ರ ಒಮ್ಮೆಲೇ ಬಿಡಬಾರದು, ಜೀವಕ್ಕೆ ಅಪಾಯ ಎಂದಿದ್ದಾರೆ. ನಿನ್ನೆ ಬೆಳಿಗ್ಗೆ ಅದನ್ನು ಕೈಯಲ್ಲಿ ಹಿಡಿದು, ಇವತ್ತೊಂದು ದಿನ ಬಿಟ್ಟರೆ ಬೇಗ ಮಾಯಬಹುದೇನೋ ಎಂದು ಯೋಚಿಸುತ್ತ ಕೂತಿದ್ದೆ. ನಿಮ್ಮಪ್ಪ ನೀರಿನ ಲೋಟ ತಂದು ಎದುರಿಗೆ ನಿಂತರು. ನುಂಗುವವರೆಗೆ ಕದಲಲಿಲ್ಲ. "ನ್ಯಟ್ಟಗ ನುಂಗು, ಮಗಳಿಗೆ ನಾ ಏನು ಹೇಳ್ಲಿ?" ಎಂದರು.

ದಿನಕ್ಕೆ ಎರಡು ಸಲ ಪಟ್ಟಿ ಬಿಚ್ಚಿ ನೋಡುತ್ತೇನೆ. ಒಮ್ಮೆ ಕಡಿಮೆಯಾದಂತೆ ಕಾಣುತ್ತದೆ, ಒಮ್ಮೆ ಹೆಚ್ಚಾದಂತೆ. ಜ್ವರ ಬಂತೇ ಎಂದು ತಾಸಿಗೊಮ್ಮೆ ಹಣೆ ಮುಟ್ಟಿಕೊಳ್ಳುತ್ತೇನೆ, ಆಮೇಲೆ ಕೈಯೇ ಬಿಸಿಯೋ ಹಣೆಯೇ ಬಿಸಿಯೋ ತಿಳಿಯುವುದಿಲ್ಲ. ನಿನ್ನೆ ಒಬ್ಬಳ ಜಂಪರ್‌ಗೆ ತೋಳು ತಿರುವುಮುರುವು ಜೋಡಿಸಿದೆ. ಅಂಜಿನಕ್ಕ ಕಂಡರೂ ಬಾಯಿ ಬಿಡದೆ ಬಿಚ್ಚಿ ಸರಿ ಮಾಡಿದಳು. ಅವಳು ಬಾಯಿ ಬಿಡದಿದ್ದರೆ ನನಗೆ ಇನ್ನೂ ಹೆದರಿಕೆ. ಬೆರಳಿನ ನೋವು ಹೆಚ್ಚಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದೇನೆ. ನಂಬಿಲ್ಲ.

ಕೊಟ್ಟೂರೇಶ್ವರನಿಗೆ ಏನೆಂದು ಬೇಡಿಕೊಳ್ಳಲಿ ಹೇಳು? ಕೈ ಉಳಿಸಪ್ಪ ಎಂದರೆ ಎದೆ ಹೋಗುತ್ತದೆ. ಸುಮ್ಮನೆ ಅವನ ಹೆಸರು ಹೇಳಿ ಎದ್ದು ಬರುತ್ತೇನೆ.

೧೮ ನವೆಂಬರ್, ಮಂಗಳವಾರ

ನಿನ್ನೆ ಹೋಗಿ ಬಂದೆವು.

ಡಾಕ್ಟರು ಪಟ್ಟಿ ಬಿಚ್ಚುವ ಮೊದಲೇ ನಾನು ಹೇಳಿಬಿಟ್ಟೆ. "ಸಾರ್, ಅವತ್ತು ಸುಳ್ಳು ಹೇಳಿದ್ನ್ರಿ. ಬಿಗಿ ಜಂಪರ್ ಹಾಕ್ಕೊಂಡಿದ್ದೆ. ಆರತಿ ಎತ್ತಿದ್ದೆ." ಅವರು ದೀಪ ಹತ್ತಿರ ಎಳೆದುಕೊಂಡರು. ಬಹಳ ಹೊತ್ತು ನೋಡಿದರು. ಕೀಲಿನ ಡಾಕ್ಟರಮ್ಮನನ್ನೂ ಕರೆಸಿದರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಅರ್ಥವಾಗದ ಮಾತು ಅರ್ಥವಾದ ಮಾತಿನಷ್ಟೇ ಹೆದರಿಸುತ್ತದೆ ಎಂದು ಗೊತ್ತಿರಲಿಲ್ಲ.

"ಚೀಲದ ಅಂಚು ಕಾಣ್ತಾ ಐತಮ್ಮ" ಎಂದರು ಡಾಕ್ಟರು. "ಇನ್ನು ಇಟ್ಕೊಂಡ್ರೆ ಸೋಂಕು ರಕ್ತಕ್ಕೆ ಇಳಿಯುತ್ತೆ. ಗುರುವಾರ ತೆಗೆದುಬಿಡೋಣ."

"ಮತ್ತ ಹಾಕಾಕ ಬರ್ತೈತೇನ್ರಿ?"

"ಅದನ್ನ ಆರು ತಿಂಗಳಾದ ಮೇಲೆ ಕೇಳ್ರಿ. ಈಗ ಕೇಳಬೇಡಿ."

ಹೊರಗೆ ಬರುವಾಗ ಡಾಕ್ಟರಮ್ಮ ನನ್ನ ಊದಿದ ಕೈ ಹಿಡಿದುಕೊಂಡರು. ಜಂಪರ್ ಒಂದರಿಂದಲೇ ಹೀಗಾಯ್ತು ಅನ್ನೋದಕ್ಕಾಗಲ್ಲ, ನಿಮ್ಮ ಮೈಗೆ ಇದು ಹಾಗೂ ಆಗಬಹುದಿತ್ತು ಎಂದರು. ಸಮಾಧಾನಕ್ಕೆ ಹೇಳಿದರೋ ನಿಜವಾಗಿಯೋ ಗೊತ್ತಿಲ್ಲ. ಆಮೇಲೆ, "ಆದರೆ ಹದಿನೇಳು ದಿನ ನಮ್ಮಿಂದ ಮುಚ್ಚಿಟ್ರಲ್ಲ, ಅದು ತಪ್ಪು" ಎಂದರು. ಬಸ್ಸಿನಲ್ಲಿ ಇಡೀ ದಾರಿ ನನ್ನ ತಲೆಯಲ್ಲಿ ಆ ಮಾತೇ. ಹದಿನೇಳು ದಿನಕ್ಕೆ ಇಷ್ಟಾಯಿತು.

ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಗಂಟೆಗಟ್ಟಲೆ ಅತ್ತೆ. ಎಂಟು ತಿಂಗಳು ಕಾದದ್ದು, ಹದಿನೈದು ದಿನ ಇದ್ದದ್ದು. ನಿಮ್ಮಪ್ಪ ಕರವಸ್ತ್ರ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತರು. ಅವರ ಕಣ್ಣೂ ಕೆಂಪಾಗಿದ್ದವು. ಇಳಿದ ಮೇಲೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದರು. ತಿಂದೆ. ವಾರದ ಮೇಲೆ ಮೊದಲ ಸಲ ಏನೋ ಗಂಟಲಲ್ಲಿ ಇಳಿಯಿತು.

ಇದು ನಿನ್ನ ಕೈ ಸೇರುವ ಹೊತ್ತಿಗೆ ಗುರುವಾರ ಬಂದಿರುತ್ತದೆ, ನಾನು ಆಸ್ಪತ್ರೆಯಲ್ಲಿರುತ್ತೇನೆ. ಬಾ ಎಂದು ಹೇಳುವುದಿಲ್ಲ, ಬರಬೇಡ ಎಂದೂ ಈ ಸಲ ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷೆ ಚೆನ್ನಾಗಿ ಬರೆ. ನಿನಗೆ ಯಾವ ನೋವೂ ತಾಗದಿರಲಿ, ನೀನು ನೂರು ಕಾಲ ಸುಖವಾಗಿರು.

ನಿನ್ನ ಅವ್ವ,
ಗಂಗಾಂಬಿಕಾ

ತಾ.ಕ.: ಇಷ್ಟನ್ನು ಓದುವಾಗ ನಿನ್ನ ಕೈ ನಿನ್ನ ಎಡಗಡೆಗೆ ಹೋಗಿರುತ್ತದೆ, ನನಗೆ ಗೊತ್ತು. ಅವ್ವನದೇ ನನಗೂ ಬಂದಿದೆ ಎಂದುಕೊಂಡಿರುತ್ತೀ. ಬಂದಿಲ್ಲ ಕೀರ್ತಿ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಯೂನಿಫಾರ್ಮಿನ ಅಳತೆಗೆ ನಿಲ್ಲಿಸಿದೆ. ಎಡಗಡೆ ಒಂದಿಷ್ಟು ಹಿಂದಿತ್ತು. ಆ ವಯಸ್ಸಿನ ಯಾವ ಹುಡುಗಿಗೂ ಎರಡೂ ಒಟ್ಟಿಗೆ ಬೆಳೆಯುವುದಿಲ್ಲ. ಅಂಥ ಹುಡುಗಿಯರ ಅಳತೆ ದಿನಾ ತೆಗೆಯುವವಳು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಅಂಜಿದೆ. ನಿನ್ನನ್ನು ಕೇಳದೆ ಹತ್ತಿ ಇಟ್ಟು ಹೊಲಿದೆ. "ಅವ್ವಾ, ಇಲ್ಲಿ ಏನಿದು?" ಎಂದು ನೀನು ಕೇಳಿದೆ. "ನಿಂದು ಎಡಗಡಿ ಕಮ್ಮಿ ಐತಿ, ಯಾರ ಮುಂದೂ ಅನಬ್ಯಾಡ" ಎಂದೆ. ನೀನು ಯಾರ ಮುಂದೆಯೂ ಅನ್ನಲಿಲ್ಲ.

ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎರಡೂ ಸಮವಾಗಿದ್ದವು. ಟೇಪು ನನ್ನ ಕೈಯಲ್ಲೇ ಇತ್ತು. ನಾನು ಹೇಳಲಿಲ್ಲ. ಹೇಳಿದರೆ, ಹಾಗಾದರೆ ಯಾಕೆ ಅಷ್ಟು ಅಂಜಿದೆ ಎಂದು ಕೇಳುತ್ತೀ, ನನ್ನದನ್ನು ಹೇಳಬೇಕಾಗುತ್ತದೆ. ಹತ್ತಿ ತೆಗೆದು ಆ ಜಾಗದಲ್ಲಿ ಒಂದು ಪದರ ತೆಳು ಬಟ್ಟೆ ಹೊಲಿದೆ. ಆರು ವರ್ಷದಿಂದ ನಿನ್ನ ಬಟ್ಟೆಯಲ್ಲಿರುವುದು ಅಷ್ಟೇ. ಅದು ಏನನ್ನೂ ತುಂಬುವುದಿಲ್ಲ, ತುಂಬಬೇಕಾದದ್ದೂ ಏನಿಲ್ಲ. ಕಾಲೇಜಿನವರ ಜೊತೆ ನೀನು ಗೋಕರ್ಣದ ಸಮುದ್ರಕ್ಕೆ ಹೋಗದಿದ್ದುದು ಅದಕ್ಕೇ ಎಂದು ನನಗೆ ಗೊತ್ತಿತ್ತು. ನೀರು ಕಂಡರೆ ಅಂಜುತ್ತಾಳೆ ಎಂದು ಬಂದವರಿಗೆಲ್ಲ ಹೇಳಿದೆ.

ಕುಬುಸದ ಹಿಂದಿನ ದಿನ ನಿನ್ನ ಪಾರ್ಸಲ್ ಬಂತು. ಎರಡು ರೆಡಿಮೇಡ್ ಕುರ್ತಾ, ಒಂದು ಚೀಟಿ. "ಅವ್ವಾ, ಎಡಗಡಿ ಮರೀಬ್ಯಾಡ. ಹಂಗ ಹಾಕ್ಕೊಂಡ್ರ ಎಲ್ಲಾರಿಗೂ ಗೊತ್ತಾಕ್ಕತಿ." ಎಲ್ಲರಿಗೂ ಏನು ಗೊತ್ತಾಗುತ್ತದೆ ಮಗಳೇ? ಗೊತ್ತಾಗಲು ಏನಿದೆ?

ಕುರ್ತಾಗಳನ್ನು ಇದರ ಜೊತೆಗೇ ಕಳುಹಿಸಿದ್ದೇನೆ. ಸೂಜಿ ಮುಟ್ಟಿಸಿಲ್ಲ. ನಿನ್ನ ಅಳತೆ ನನಗೆ ಬಾಯಿಪಾಠ, ಎರಡೂ ನಿನಗೆ ಸರಿಯಾಗಿ ಕೂರುತ್ತವೆ.